ದ್ವೀಪದ ಮೇಲೆ ನಮ್ಮ ಟೆಂಟ್ ಬೇಡ



ಈ ಸಲದ ಕುಟುಂಬ ಶಿಬಿರ ಸಮುದ್ರದ ಕಡೆಗೆ ಎಂದು ತೀರ್ಮಾನವಾದಾಗ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವರು ಯುವಜನರಾದ ನಾವೇ. ನಮ್ಮ ತಾಳವಾಡಿ ಕಡೆಯವರಿಗೆ ಕಾಡು ಹೊಸದಲ್ಲ, ಬೆಟ್ಟ ಹೊಸದಲ್ಲ. ಸಮುದ್ರ ಮಾತ್ರ ದೂರ. ಅದನ್ನು ಟಿವಿಯಲ್ಲಿ ಬಿಟ್ಟು ಬೇರೆಲ್ಲೂ ನೋಡದ ಅಜ್ಜಿಯರು ನಮ್ಮ ಧರ್ಮಕೇಂದ್ರದಲ್ಲಿ ಈಗಲೂ ಇದ್ದಾರೆ. ಅವರೂ ಬರಲಿ, ಮಕ್ಕಳೂ ಬರಲಿ, ಮೂರು ದಿನ ಎಲ್ಲರೂ ಒಟ್ಟಿಗೆ ಉಂಡು ಮಲಗಿ ಏಳೋಣ. ಇದರಲ್ಲಿ ನಮ್ಮ ತಕರಾರು ಏನೂ ಇಲ್ಲ.

ತಕರಾರು ಇರುವುದು ಎಲ್ಲಿ ಮಲಗುತ್ತೇವೆ ಎಂಬುದರಲ್ಲಿ. ವಾಟ್ಸಾಪ್ ಗ್ರೂಪಿನಲ್ಲಿ ಈಗ ಓಡಾಡುತ್ತಿರುವ ಪ್ಲಾನ್ ಹೀಗಿದೆ: ಮದುರೈ ದಾಟಿ ರಾಮನಾಥಪುರ, ಅಲ್ಲಿಂದ ಮಂಡಪಂ. ಅಲ್ಲಿ ಯಾರದೋ ಪರಿಚಯ ಇದೆ. ಎರಡು ದೋಣಿ ಮಾತಾಡಿಕೊಂಡು ಕತ್ತಲಾಗುವ ಹೊತ್ತಿಗೆ ಮುಸಲ್ ದ್ವೀಪಕ್ಕೆ ಹೋಗುವುದು. ಎರಡು ರಾತ್ರಿ ಅಲ್ಲೇ ಟೆಂಟ್, ಮರಳ ಮೇಲೆ ಬೆಂಕಿ, ಸುಟ್ಟ ಮೀನು, ಒಂದು ಸ್ಪೀಕರ್, ಒಂದು ಜನರೇಟರ್. 18 ಕುಟುಂಬ, 70ರ ಮೇಲೆ ಜನ. ಪರ್ಮಿಷನ್ ಬಗ್ಗೆ ಕೇಳಿದರೆ ಒಂದೇ ಉತ್ತರ: "ಅದೆಲ್ಲ ನೋಡ್ಕೊಳ್ತಾರೆ, ಯಾರೂ ಕೇಳಲ್ಲ."

ಸಭೆಯಲ್ಲಿ ನಾವು ಬೇಡ ಎಂದಾಗ "ಕಾಲೇಜು ಓದಿದ ಹುಡುಗರಿಗೆ ಎಲ್ಲದರಲ್ಲೂ ಅನುಮಾನ" ಎಂದು ನಕ್ಕರು. ನಗಲಿ. ಸಭೆಯಲ್ಲಿ ಎರಡು ನಿಮಿಷದಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ಓದಿ, ಆಮೇಲೆ ಬೇಕಾದರೆ ಬೈಯಿರಿ.

ಮೊದಲು ಆ ಜಾಗ ಯಾವುದು ಎಂದು ತಿಳಿಯೋಣ. ಅದು ಬರೀ ಬೀಚ್ ಅಲ್ಲ. ತೂತುಕುಡಿಯಿಂದ ರಾಮೇಶ್ವರದವರೆಗೆ ದಡಕ್ಕೆ ಹತ್ತಿರವಾಗಿ ಸಾಲಾಗಿ ಕೂತ 21 ಸಣ್ಣ ದ್ವೀಪಗಳು, ಅವುಗಳ ಸುತ್ತಲಿನ ಆಳವಿಲ್ಲದ ನೀರು, ಇವು ಸೇರಿ ಮನ್ನಾರ್ ಖಾರಿ ಸಾಗರ ರಾಷ್ಟ್ರೀಯ ಉದ್ಯಾನ. 1986ರಲ್ಲಿ ಘೋಷಣೆಯಾಯಿತು, ವಿಸ್ತಾರ 560 ಚದರ ಕಿ.ಮೀ. 1989ರಲ್ಲಿ ಅದರ ಸುತ್ತಲಿನ 10,500 ಚದರ ಕಿ.ಮೀ. ಜೀವಗೋಳ ಮೀಸಲು ಪ್ರದೇಶವಾಯಿತು. 21 ಎಂದು ಲೆಕ್ಕ ಹೇಳುತ್ತಾರಾದರೂ ಇಂದು ನೀರಿನ ಮೇಲೆ ಅಷ್ಟು ಕಾಣುವುದಿಲ್ಲ. ಪೂವರಸನ್‌ಪಟ್ಟಿ ಮತ್ತು ವಿಲಾಂಗುಚಲ್ಲಿ ಎಂಬ ಎರಡು ಮುಳುಗಿಹೋಗಿವೆ. ವರ್ಷಗಟ್ಟಲೆ ಹವಳದ ಕಲ್ಲನ್ನು ಒಡೆದು ಸುಣ್ಣಕ್ಕೆ, ಕಟ್ಟಡಕ್ಕೆ ಸಾಗಿಸಿದ್ದು ಅದಕ್ಕೆ ದೊಡ್ಡ ಕಾರಣ. ಅಲೆಯನ್ನು ತಡೆಯುತ್ತಿದ್ದ ಗೋಡೆಯನ್ನೇ ಕಿತ್ತರೆ ಹಿಂದಿನ ಮಣ್ಣು ಎಷ್ಟು ದಿನ ನಿಂತೀತು? ಹವಳಗಳನ್ನು ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಗೆ ಸೇರಿಸಿದ್ದು 2001ರಲ್ಲಿ. ಹುಲಿ, ಆನೆ ಇರುವ ಪಟ್ಟಿ ಅದು.

ನಮ್ಮಲ್ಲಿ ಝೂವಾಲಜಿ ಓದಿದವರಿಗೆ ಬೆಲನೋಗ್ಲಾಸಸ್ ಎಂಬ ಹುಳುವಿನ ಚಿತ್ರ ಬಿಡಿಸಿ ಬಿಡಿಸಿ ಕೈ ನೋವು ಬಂದದ್ದು ನೆನಪಿರಬೇಕು. ಅದು ಸಿಗುವ ಪ್ರಸಿದ್ಧ ಜಾಗ ಇದೇ ಸಾಲಿನ ಕುರುಸಡೈ ದ್ವೀಪ. ಇನ್ನೊಂದು ಜೀವಿ ಇಲ್ಲಿದೆ, ಅದರ ವಿಷಯ ಮಾತ್ರ ನಮ್ಮ ಊರಿನ ಪ್ರತಿಯೊಬ್ಬರಿಗೂ ಗೊತ್ತಿರಬೇಕು. ಕಡಲ ಹಸು, ತಮಿಳಿನಲ್ಲಿ ಆವುಳಿಯಾ. ಸಮುದ್ರದ ತಳದಲ್ಲಿ ಬೆಳೆಯುವ ಹುಲ್ಲನ್ನು ಮೇಯುತ್ತದೆ, ದಿನಕ್ಕೆ 30-40 ಕಿಲೋ ತನಕ. ಹೆಸರು ಹಸು, ಆದರೆ ಹತ್ತಿರದ ನೆಂಟ ಹಸುವಲ್ಲ, ಮೀನೂ ಅಲ್ಲ, ಡಾಲ್ಫಿನ್ನೂ ಅಲ್ಲ. ಆನೆ. ನಮ್ಮ ಕಬ್ಬಿನ ಗದ್ದೆಗೆ ನುಗ್ಗುವ ಅದೇ ಆನೆ. ಕೋಟಿಗಟ್ಟಲೆ ವರ್ಷಗಳ ಹಿಂದೆ ಎರಡೂ ಒಂದೇ ಮೂಲದಿಂದ ಕವಲೊಡೆದು ಒಂದು ಕಾಡಿಗೆ, ಒಂದು ಕಡಲಿಗೆ ಹೋದವು. ಅಜ್ಜಿಯರಿಗೆ ಹೇಳಿ, ನಂಬುವುದಿಲ್ಲ.

ಆನೆ ಎಂದ ಮೇಲೆ ನಮ್ಮ ಮನೆ ಬಾಗಿಲಿಗೇ ಬಂದೆವು. ನಾವು ಇರುವುದು ಎಲ್ಲಿ? ಸತ್ಯಮಂಗಲ ಹುಲಿ ಮೀಸಲು ಅರಣ್ಯದ ಮಡಿಲಲ್ಲಿ. 2013ರಲ್ಲಿ ಅದು ಹುಲಿ ಮೀಸಲು ಆಯಿತು. ಬಣ್ಣಾರಿಯಿಂದ ದಿಂಬಂವರೆಗಿನ 27 ತಿರುವು ಇಳಿಯದೆ ನಮ್ಮಲ್ಲಿ ಯಾರೂ ಸತ್ಯಮಂಗಲದ ಆಸ್ಪತ್ರೆ ಕಂಡಿಲ್ಲ, ಈರೋಡಿನ ಕಲೆಕ್ಟರ್ ಕಚೇರಿ ಕಂಡಿಲ್ಲ. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಆದೇಶದಿಂದ ಆ ಘಾಟಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂದಾಗ ಇಡೀ ತಾಳವಾಡಿ ಬೀದಿಗಿಳಿಯಿತು. ಎಲೆಕೋಸು, ಆಲೂಗಡ್ಡೆ ತುಂಬಿದ ಲಾರಿ ನಿಂತರೆ ರೈತನ ಗತಿ ಏನು ಎಂದು ಕೇಳಿದೆವು. ಕೇಳಿದ್ದು ಸರಿಯಾಗಿಯೇ ಇತ್ತು.

ಅದೇ ಹೊತ್ತಿನಲ್ಲಿ ನಾವು ಇನ್ನೊಂದು ಮಾತನ್ನೂ ಆಡುತ್ತಿದ್ದೆವು, ಇವತ್ತಿಗೂ ಆಡುತ್ತೇವೆ. ಹಾಸನೂರು ಕಡೆಗೆ ಶನಿವಾರ ಭಾನುವಾರ ಬರುವ ಕಾರುಗಳ ಬಗ್ಗೆ. ತಿರುವಿನಲ್ಲಿ ನಿಲ್ಲಿಸಿ ಕೋತಿಗೆ ಚಿಪ್ಸ್ ಹಾಕುವವರ ಬಗ್ಗೆ, ಬಾಟಲಿ ಒಡೆದು ಹೋಗುವವರ ಬಗ್ಗೆ, ರಾತ್ರಿ ಪಾಟು ಹಾಕಿ ಕುಣಿದು ಆನೆಯನ್ನು ಊರ ಕಡೆಗೆ ಓಡಿಸುವವರ ಬಗ್ಗೆ. "ಇವರು ಮೋಜು ಮಾಡಿ ಹೋಗ್ತಾರೆ, ಬೆಳಿಗ್ಗೆ ಗದ್ದೆ ಕಾಯೋರು ನಾವು" ಎಂದು ಹೇಳದ ಮನೆ ನಮ್ಮ ಊರಲ್ಲಿ ಇಲ್ಲ. ಕಾಡಿನೊಳಗೆ ಸೌದೆಗೆ ಹೋದ ಹೆಂಗಸನ್ನು ಗದರಿಸಿ ಕಳಿಸುವ ಗಾರ್ಡ್, ಜೀಪಿನಲ್ಲಿ ಬಂದ ಸಾಹೇಬರಿಗೆ ಸಲಾಂ ಹೊಡೆಯುತ್ತಾನೆ ಎಂದು ಕುದಿಯುತ್ತೇವೆ.

ಈಗ ಆ ಜೀಪಿನಲ್ಲಿ ಕೂರಲು ಹೊರಟಿರುವವರು ಯಾರು?

ಈ ಪ್ರಶ್ನೆಯೇ ನಮ್ಮನ್ನು ಬರೆಯಲು ಕೂರಿಸಿದ್ದು. ಹವಳ, ಹುಲ್ಲು ಎಲ್ಲವೂ ಮುಖ್ಯವೇ. ಆದರೆ ಆ ದಡದಲ್ಲಿ ನಮ್ಮ ಹಾಗೇ ಬದುಕುವ ಜನರಿದ್ದಾರೆ ಎಂಬುದು ಪ್ಲಾನ್ ಹಾಕಿದವರ ತಲೆಗೆ ಹೋಗಿಲ್ಲ.

ಪಾಂಬನ್ ಪಕ್ಕದ ಚಿನ್ನಪಾಲಂ, ಇನ್ನೂ ಹಲವು ಮೀನುಗಾರರ ಹಳ್ಳಿಗಳ ಹೆಂಗಸರು ತಲೆಮಾರುಗಳಿಂದ ಕಡಲ ಪಾಚಿ ಕೀಳುವ ಕೆಲಸ ಮಾಡುತ್ತಾರೆ. ಕಣ್ಣಿಗೆ ಈಜುಗನ್ನಡಕ, ಬೆರಳುಗಳಿಗೆ ಬಟ್ಟೆ ಸುತ್ತಿಕೊಂಡು, ಸೊಂಟಕ್ಕೆ ಬಲೆಯ ಚೀಲ ಕಟ್ಟಿ, ಉಸಿರು ಹಿಡಿದು ಮುಳುಗಿ ಬಂಡೆಯಿಂದ ಪಾಚಿ ಕಿತ್ತು ಮೇಲೆ ಬರುತ್ತಾರೆ. ಒಂದು ದಿನಕ್ಕೆ ಎಷ್ಟೋ ಸಲ. ನಮ್ಮ ಕಾಲೇಜು ಲ್ಯಾಬಿನಲ್ಲಿ ಪೆಟ್ರಿ ತಟ್ಟೆಗೆ ಸುರಿಯುವ ಅಗರ್ ಇದೆಯಲ್ಲ, ಜೆಲ್ಲಿ ಮಿಠಾಯಿಗೆ ಹಾಕುವ ಕಡಲಪಾಸಿ ಇದೆಯಲ್ಲ, ಅದರ ಮೂಲ ಇಂಥ ಹೆಂಗಸರ ಬಿರಿದ ಬೆರಳುಗಳಲ್ಲಿದೆ. ಹಿಂದೆ ಅವರ ಕುಟುಂಬಗಳು ದಿನಗಟ್ಟಲೆ ಅದೇ ದ್ವೀಪಗಳಲ್ಲಿ ಉಳಿದು, ಅಡುಗೆ ಮಾಡಿಕೊಂಡು, ಪಾಚಿ ಒಣಗಿಸಿ ಮರಳುತ್ತಿದ್ದವು. ಕುಟುಂಬ ಕ್ಯಾಂಪಿಂಗ್ ಎಂದರೆ ಅದು. ರಾಷ್ಟ್ರೀಯ ಉದ್ಯಾನವಾಗಿ ಕಾವಲು ಬಿಗಿಯಾದ ಮೇಲೆ ಅದು ಅಪರಾಧವಾಯಿತು. ಅದೆಷ್ಟೋ ಸಲ ದೋಣಿ, ಚೀಲ ಕಳೆದುಕೊಂಡು ದಡಕ್ಕೆ ಬಂದರು.

ಅವರು ಏನು ಮಾಡಿದರು ಗೊತ್ತೇ? ಬರೀ ಬೈದು ಕೂರಲಿಲ್ಲ. ಸಂಘ ಕಟ್ಟಿದರು. ತಿಂಗಳಿಗೆ 12 ದಿನ ಮಾತ್ರ ಕೀಳುತ್ತೇವೆ, ಕಬ್ಬಿಣದ ಸಲಕರಣೆ ಮುಟ್ಟುವುದಿಲ್ಲ, ಬರೀ ಕೈ, ಮೀನುಗಳು ಮರಿ ಮಾಡುವ ಕಾಲದಲ್ಲಿ ನಾವೂ ನಿಲ್ಲಿಸುತ್ತೇವೆ ಎಂದು ತಾವೇ ಕಟ್ಟಳೆ ಹಾಕಿಕೊಂಡರು. ಶಾಲೆಯ ಮುಖ ಸರಿಯಾಗಿ ಕಾಣದ ಚಿನ್ನಪಾಲಂನ ಲಕ್ಷ್ಮಿ ಮೂರ್ತಿಯವರು ಈ ಹೋರಾಟದ ಮುಂದಾಳಾಗಿ 2015ರಲ್ಲಿ ಅಮೆರಿಕದ ಸೀಕಾಲಜಿ ಪ್ರಶಸ್ತಿ ಪಡೆದರು. ತಮ್ಮ ಹೊಟ್ಟೆಪಾಡಿನ ದಿನಗಳನ್ನೇ ಕಡಿಮೆ ಮಾಡಿಕೊಂಡು ಕಡಲನ್ನು ಉಳಿಸುವವರ ಕಣ್ಣೆದುರಿಗೆ, ಅವರು ಮಲಗಬಾರದ ಮರಳಿನ ಮೇಲೆ ಎರಡು ರಾತ್ರಿ ಮಲಗಿ, ರೀಲ್ಸ್ ಮಾಡಿ, ಎದ್ದು ಬರುವುದಕ್ಕೆ ನಮಗೆ ಯಾವ ಮುಖ ಇದೆ?

ಮತ್ತೆ ಸಿಕ್ಕಿಬಿದ್ದರೆ ಏನಾಗುತ್ತದೆ, ಅದನ್ನೂ ಯೋಚಿಸಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ರಾಷ್ಟ್ರೀಯ ಉದ್ಯಾನದೊಳಗೆ ಪರವಾನಗಿ ಇಲ್ಲದೆ ಹೋಗುವಂತಿಲ್ಲ, ತಂಗುವುದು ದೂರದ ಮಾತು. ಬೆಂಕಿ ಹಾಕುವುದು ಬೇರೆಯೇ ಅಪರಾಧ. ನಮಗೆ ದಂಡ ಹಾಕಬಹುದು, ಕಟ್ಟಿ ಬಂದುಬಿಡುತ್ತೇವೆ. ದೋಣಿಯವನಿಗೆ? ಅವನ ದೋಣಿ ಹೋಗುತ್ತದೆ. ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ನಾವು ಹೋಗುವುದು ಮೇ ತಿಂಗಳಲ್ಲಿ, ಸ್ಕೂಲ್ ರಜೆಯಲ್ಲಿ. ಕೆಲಸವಿಲ್ಲದೆ ಕೂತ ಮನುಷ್ಯನಿಗೆ ನಾಲ್ಕು ಸಾವಿರ ತೋರಿಸಿದರೆ ಅವನು ಬೇಡ ಎನ್ನುವುದು ಕಷ್ಟ. ಅವನ ಕಷ್ಟವನ್ನು ನಮ್ಮ ಅನುಕೂಲಕ್ಕೆ ಬಳಸಿಕೊಂಡು ಅದಕ್ಕೆ "ಪರಿಚಯ" ಎಂದು ಹೆಸರಿಡುವುದು ಬೇಡ.

ಈಗ ನಮಗೆ ಬಂದ ಎದುರು ಮಾತುಗಳಿಗೆ ಬರೋಣ.

"ಎರಡು ರಾತ್ರಿಯಲ್ಲಿ ಏನು ಕಡಲು ಬತ್ತಿಹೋಗುತ್ತಾ?" ಎಂದು ಒಬ್ಬ ಮಾವ ಕೇಳಿದರು. ಕಡಲು ಬತ್ತುವುದಿಲ್ಲ ಮಾವ. ಆದರೆ ಅಲ್ಲಿನ ಹವಳ ಇರುವುದು ಆಳ ಸಮುದ್ರದಲ್ಲಲ್ಲ, ದ್ವೀಪದ ಸುತ್ತ ಸೊಂಟದುದ್ದ, ಆಳುದ್ದ ನೀರಿನಲ್ಲಿ. ಗುಂಡು ಹವಳ ವರ್ಷಕ್ಕೆ ಒಂದು ಸೆಂಟಿಮೀಟರ್ ಬೆಳೆದರೆ ದೊಡ್ಡದು. ದೋಣಿಯ ಲಂಗರು ಒಂದು ಸಲ ಎಳೆದಾಡಿದರೆ, ಇಳಿದು ನಡೆದವರ ಕಾಲು ಬಿದ್ದರೆ, ನಿಮ್ಮ ವಯಸ್ಸಿನಷ್ಟೇ ವಯಸ್ಸಾದ ಹವಳ ಮುರಿಯುತ್ತದೆ. ಅದು ಕಲ್ಲಲ್ಲ, ಸಾವಿರಾರು ಸಣ್ಣ ಜೀವಿಗಳ ಮನೆ. 1998, 2010, 2016ರಲ್ಲಿ ನೀರು ವಿಪರೀತ ಬಿಸಿಯಾಗಿ ಅಲ್ಲಿನ ಹವಳ ಬಿಳಿಚಿಕೊಂಡಿತ್ತು. ಅದರ ಒಡಲಲ್ಲಿ ಇದ್ದುಕೊಂಡು ಅದಕ್ಕೆ ಆಹಾರ ಮಾಡಿಕೊಡುವ ಸೂಕ್ಷ್ಮ ಪಾಚಿ ಬಿಸಿಗೆ ಹೊರಬಿದ್ದುಬಿಡುತ್ತದೆ. ಹವಳ ಹಸಿವಿನಿಂದ ಸಾಯುತ್ತದೆ. ಕಾಯಿಲೆ ಬಿದ್ದು ಚೇತರಿಸಿಕೊಳ್ಳುತ್ತಿರುವವರ ಮನೆಗೆ 70 ಜನ ಸ್ಪೀಕರ್ ಹಿಡಿದು ಹೋಗುವುದಿಲ್ಲ ಅಲ್ಲವೇ?

ಇನ್ನೊಂದು ವಿಷಯ, ಯಾರೂ ಬಾಯಿಬಿಟ್ಟು ಹೇಳದ್ದು. ಆ ದ್ವೀಪದಲ್ಲಿ ಕಕ್ಕಸು ಇಲ್ಲ. ಕುಡಿಯುವ ನೀರಿನ ನಲ್ಲಿ ಇಲ್ಲ. 70 ಜನ, ಎರಡು ರಾತ್ರಿ, ಮರಳು, ಅಜ್ಜಿಯರು, ಕೈಗೂಸುಗಳು. ಪ್ಲಾನ್ ಮಾಡಿದ ಗಂಡಸರು ಇದರ ಬಗ್ಗೆ ಒಂದು ಸಾಲು ಬರೆದಿಲ್ಲ. ಕುಟುಂಬ ಶಿಬಿರ ಎಂದು ಹೆಸರಿಟ್ಟು ಗಂಡಸರ ಸಾಹಸಕ್ಕೆ ಹೆಂಗಸರನ್ನು ಪಾತ್ರೆ ತೊಳೆಯಲು ಕರೆದೊಯ್ಯುವ ಅಭ್ಯಾಸ ನಮ್ಮಲ್ಲಿ ಇದೆ. ನಮ್ಮ ಗುಂಪಿನ ಹುಡುಗಿಯರು ಇದನ್ನು ಬರೆಯಲೇಬೇಕು ಎಂದು ಹಟ ಹಿಡಿದರು, ಬರೆದಿದ್ದೇವೆ.

"ಮಕ್ಕಳಿಗೆ ಪ್ರಕೃತಿ ತೋರಿಸಬೇಡವೇ?" ಬೇಕು. ತೋರಿಸುವುದು ಎಂದರೆ ಅದರ ಮೇಲೆ ಹತ್ತಿ ಕೂರುವುದಲ್ಲ. ಪಾಂಬನ್ ಸೇತುವೆ ಮೇಲೆ ನಿಂತರೆ ದ್ವೀಪ ಕಣ್ಣಿಗೆ ಕಾಣುತ್ತದೆ. ಕುರುಸಡೈ ದ್ವೀಪಕ್ಕೆ ಅರಣ್ಯ ಇಲಾಖೆಯವರೇ ಹಗಲು ಹೊತ್ತು ದೋಣಿಯಲ್ಲಿ ಕರೆದೊಯ್ಯುವ ವ್ಯವಸ್ಥೆ ಮಾಡಿದ್ದಾರೆ. ಟಿಕೆಟ್ ತೆಗೆದುಕೊಂಡು, ಲೈಫ್ ಜಾಕೆಟ್ ಹಾಕಿಕೊಂಡು ಹೋಗಿ ಬರಬಹುದು. ಕಳ್ಳತನದಲ್ಲಿ ಹೋದ ಮಗು ಕಡಲನ್ನು ಕಲಿಯುವುದಕ್ಕಿಂತ ಮೊದಲು ಅಪ್ಪ ಅಮ್ಮ ಗಾರ್ಡ್ ಕಣ್ಣು ತಪ್ಪಿಸುವುದನ್ನು ಕಲಿಯುತ್ತದೆ.

"ದೊಡ್ಡವರೆಲ್ಲ ಹೋಗುತ್ತಾರೆ, ಟ್ರಾಲರ್‌ಗಳು ತಳವನ್ನೇ ಗುಡಿಸಿ ಹಾಕುತ್ತಿವೆ, ತೂತುಕುಡಿಯಲ್ಲಿ ಕಾರ್ಖಾನೆಗಳಿವೆ, ಕಾನೂನು ನಮಗೆ ಮಾತ್ರವೇ?" ಈ ಮಾತಿಗೆ ತೂಕ ಇದೆ, ತಳ್ಳಿಹಾಕುವುದಿಲ್ಲ. ನಮ್ಮ ಟೆಂಟಿನಿಂದ ಸಮುದ್ರದ ನೀರು ಬಿಸಿಯಾಗಲಿಲ್ಲ, ನಿಜ. ತಳ ಗುಡಿಸುವ ಬಲೆ ಮಾಡುವ ಹಾನಿಯ ಮುಂದೆ ನಮ್ಮ ಒಲೆಯ ಬೂದಿ ಏನೂ ಅಲ್ಲ, ಅದೂ ನಿಜ. ಆದರೆ ಆ ದೊಡ್ಡವರನ್ನು ಪ್ರಶ್ನಿಸುವ ಬಾಯಿ ನಮಗೆ ಬೇಕೋ ಬೇಡವೋ? ದಿಂಬಂ ರಸ್ತೆಗಾಗಿ ಕೂಗಿದಾಗ ನಮ್ಮ ಮಾತಿಗೆ ಬಲ ಬಂದದ್ದು ಎಲ್ಲಿಂದ? ಕಾಡಿನ ಜೊತೆ ತಲೆಮಾರುಗಳಿಂದ ಬದುಕಿದವರು ನಾವು, ಹಾಳು ಮಾಡಿದವರಲ್ಲ ಎಂದು ಎದೆ ತಟ್ಟಿ ಹೇಳಲು ಸಾಧ್ಯವಾದದ್ದರಿಂದ. ನಾಳೆ ಇನ್ನೊಬ್ಬರ ಕಡಲಿಗೆ ಹೋಗಿ ಕದ್ದು ಮಲಗಿ ಬಂದ ಮೇಲೆ ಆ ಮಾತು ಗಂಟಲಲ್ಲೇ ನಿಲ್ಲುತ್ತದೆ.

"ದೇವರು ಸೃಷ್ಟಿಯನ್ನು ಮನುಷ್ಯನ ಕೈಗೇ ಕೊಟ್ಟಿದ್ದಾನಲ್ಲ" ಎಂದವರಿಗೆ ಒಂದೇ ಮಾತು. ಆದಿಕಾಂಡದ ಮೊದಲ ಅಧ್ಯಾಯದಲ್ಲಿ ನಿಲ್ಲಬೇಡಿ, ಎರಡನೆಯದನ್ನೂ ಓದಿ. ತೋಟವನ್ನು ಕೊಟ್ಟದ್ದು ಏನು ಮಾಡಲು ಎಂದು ಅಲ್ಲಿದೆ.

ಇನ್ನು ಆ ಊರಿನ ಹೆಸರಿನ ವಿಷಯ. ಮಂಡಪಂನಲ್ಲಿ ಒಂದು ರೈಲು ನಿಲ್ದಾಣದ ಹೆಸರೇ ಮಂಡಪಂ ಕ್ಯಾಂಪ್. ಯಾವ ಕ್ಯಾಂಪ್ ಅದು? ಬ್ರಿಟಿಷರ ಕಾಲದಲ್ಲಿ ಸಿಲೋನಿನ ಚಹಾ ತೋಟಗಳಿಗೆ ಕೂಲಿಗೆ ಹೋಗುವವರನ್ನು ಹಡಗು ಹತ್ತಿಸುವ ಮೊದಲು ಕೂಡಿಹಾಕಿ, ರೋಗ ಇದೆಯೇ ಎಂದು ನೋಡುತ್ತಿದ್ದ ಕ್ಯಾಂಪ್. 1964ರ ಸಿರಿಮಾವೊ-ಶಾಸ್ತ್ರಿ ಒಪ್ಪಂದದ ನಂತರ ಅದೇ ಜನರ ಮಕ್ಕಳು ಮೊಮ್ಮಕ್ಕಳು ಅದೇ ದಾರಿಯಲ್ಲಿ ಹಿಂದಕ್ಕೆ ಬಂದರು. ಅವರಲ್ಲಿ ಅದೆಷ್ಟೋ ಕುಟುಂಬಗಳು ನಮ್ಮ ಪಕ್ಕದ ನೀಲಗಿರಿಯ ಚಹಾ ತೋಟಗಳಲ್ಲಿ ನೆಲೆಸಿದವು. ಕೋತಗಿರಿ, ಗೂಡಲೂರು ಕಡೆ ನಮಗೆ ಗೆಳೆಯರಿದ್ದಾರಲ್ಲ, ಅವರ ಅಜ್ಜ ಅಜ್ಜಿಯರನ್ನು ಕೇಳಿ ನೋಡಿ. 1980ರ ದಶಕದಿಂದ ಶ್ರೀಲಂಕಾದ ಯುದ್ಧಕ್ಕೆ ಹೆದರಿ ದೋಣಿಯಲ್ಲಿ ಬಂದವರಿಗೂ ಅಲ್ಲೇ ಕ್ಯಾಂಪ್. 2022ರಲ್ಲಿ ಲಂಕೆಯಲ್ಲಿ ಅಕ್ಕಿ, ಹಾಲು, ಗ್ಯಾಸ್ ಸಿಗದೆ ಮತ್ತೆ ದೋಣಿ ಹತ್ತಿ ಬಂದ ಕುಟುಂಬಗಳನ್ನೂ ಅಲ್ಲಿಗೇ ಕರೆದೊಯ್ದರು. ಅಲ್ಲಿ ಹುಟ್ಟಿ, ಅಲ್ಲೇ ಶಾಲೆಗೆ ಹೋಗಿ, ಅಲ್ಲೇ ಮದುವೆಯಾದ ಜನರಿದ್ದಾರೆ. ಆ ಊರಿನಲ್ಲಿ "ನಾವು ಕ್ಯಾಂಪ್‌ಗೆ ಬಂದಿದ್ದೇವೆ" ಎಂದು ಹೇಳುವಾಗ ಸ್ವಲ್ಪ ದನಿ ತಗ್ಗಿಸಬೇಕು.

ಧನುಷ್ಕೋಟಿಗೆ ಹೋಗುವುದೂ ಪಟ್ಟಿಯಲ್ಲಿದೆ, ಒಳ್ಳೆಯದು. 1964ರ ಡಿಸೆಂಬರ್ 22ರ ರಾತ್ರಿ ಬಂದ ಚಂಡಮಾರುತ ಆ ಊರನ್ನೇ ಒರೆಸಿಹಾಕಿತು, ಪ್ರಯಾಣಿಕರಿದ್ದ ರೈಲನ್ನೂ ನುಂಗಿತು. ಕ್ರಿಸ್ಮಸ್‌ಗೆ ಮೂರು ದಿನ ಇತ್ತು. ಅಲ್ಲಿನ ಚರ್ಚಿನ ಗೋಡೆಗಳು ಇನ್ನೂ ನಿಂತಿವೆ. ಅದರ ಮುಂದೆ ಸೆಲ್ಫಿ ತೆಗೆಯುವ ಮೊದಲು ಒಂದು ನಿಮಿಷ ಸುಮ್ಮನೆ ನಿಲ್ಲೋಣ ಎಂದು ಕೇಳಿಕೊಳ್ಳುತ್ತೇವೆ. ಸಂಜೆಯ ನಂತರ ಅಲ್ಲಿ ಪ್ರವಾಸಿಗರನ್ನು ಇರಗೊಡುವುದಿಲ್ಲ, ಅಲ್ಲಿಯೂ "ಪರಿಚಯ" ಹುಡುಕಬೇಡಿ.

ಹಾಗಾದರೆ ಏನು ಮಾಡೋಣ? ಶಿಬಿರ ನಿಲ್ಲಿಸೋಣ ಎಂದು ನಾವು ಹೇಳುತ್ತಿಲ್ಲ. ಹೋಗೋಣ, ಉದ್ಯಾನದ ಗಡಿಯ ಹೊರಗೆ, ದಡದಲ್ಲಿ ಇರೋಣ. ಆ ಕರಾವಳಿ ನಮಗೆ ಪರಕೀಯವಲ್ಲ. ಸಂತ ಫ್ರಾನ್ಸಿಸ್ ಕ್ಸೇವಿಯರ್ 1542ರಲ್ಲಿ ಕಾಲಿಟ್ಟ ಮುತ್ತಿನ ಕರಾವಳಿ ಅದು. ಮೀನುಗಾರರ ಹಳ್ಳಿಗಳಲ್ಲಿ ಚರ್ಚುಗಳಿವೆ, ಚರ್ಚಿಗೊಂದು ಅಂಗಳವಿದೆ. ನಮ್ಮ ಸ್ವಾಮಿಗಳು ಒಂದು ಪತ್ರ ಬರೆದು ಕೇಳಿದರೆ ಅಂಗಳದಲ್ಲಿ ಟೆಂಟ್ ಹಾಕಲು ಜಾಗ ಸಿಕ್ಕೀತು. ಕಕ್ಕಸು, ನೀರು, ಮಳೆ ಬಂದರೆ ಮೇಲೊಂದು ಸೂರು, ಮೂರೂ ಸಿಗುತ್ತವೆ. ಅಡುಗೆಗೆ ಅಲ್ಲಿನ ಹೆಂಗಸರಿಗೇ ಹೇಳೋಣ, ಚೌಕಾಸಿ ಮಾಡದೆ ಕೂಲಿ ಕೊಡೋಣ. ದೋಣಿಯವರಿಗೆ ಕೊಡಬೇಕೆಂದಿದ್ದ ಹಣ ಹಾಗೆ ಸರಿಯಾದ ಕೈಗೆ ಹೋಗಲಿ. ಒಂದು ಸಂಜೆ ಪಾಚಿ ಕೀಳುವ ಅಕ್ಕಂದಿರನ್ನು ಕೂರಿಸಿ ಮಾತಾಡಿಸೋಣ. ನಮಗೆಲ್ಲ ತಮಿಳು ಬರುತ್ತದೆ, ಬೆಂಗಳೂರಿನಿಂದ ಹೋಗುವವರಿಗೆ ಇಲ್ಲದ ಅನುಕೂಲ ಇದು. ನಾವು ಆನೆ ಕಥೆ ಹೇಳೋಣ, ಅವರು ಆವುಳಿಯಾ ಕಥೆ ಹೇಳಲಿ.

ಸ್ಪೀಕರ್ ಮನೆಯಲ್ಲಿರಲಿ. ಜನರೇಟರ್ ಬೇಡವೇ ಬೇಡ. ಕಡಲಾಮೆ ಮರಿಗಳು ಮೊಟ್ಟೆಯಿಂದ ಹೊರಬಂದು ಬೆಳಕಿದ್ದ ಕಡೆಗೆ ನಡೆಯುತ್ತವೆ, ಅವುಗಳ ಲೆಕ್ಕದಲ್ಲಿ ಬೆಳಕು ಎಂದರೆ ಕಡಲು. ದಡದಲ್ಲಿ ಫ್ಲಡ್‌ಲೈಟ್ ಹಾಕಿದರೆ ದಿಕ್ಕು ತಪ್ಪಿ ರಸ್ತೆಗೆ ಬರುತ್ತವೆ. ತಟ್ಟೆ ಲೋಟ ಸ್ಟೀಲಿನದು ತರೋಣ, ಪ್ರತಿ ಮನೆಯವರು ತಮ್ಮದು ತಾವು ತೊಳೆಯಲಿ, ಗಂಡಸರೂ ಸೇರಿ. ತಂದ ಪ್ಲಾಸ್ಟಿಕ್ ಅದೇ ಬಸ್ಸಿನಲ್ಲಿ ವಾಪಸ್ ಬರಲಿ. ಶಂಖ, ಹವಳದ ತುಂಡು ಯಾರೂ ಜೇಬಿಗೆ ಹಾಕಬೇಡಿ. ಅಂಗಡಿಯಲ್ಲಿ ಮಾರಿದರೂ ಹವಳ ಕೊಳ್ಳಬೇಡಿ, ಮನೆಯ ಶೋಕೇಸಿಗೆ ಬಂದ ಹವಳವೂ ಕಾಯ್ದೆಯ ಲೆಕ್ಕದಲ್ಲಿ ಹುಲಿ ಉಗುರಿನ ಹಾಗೆಯೇ.

ದ್ವೀಪದಲ್ಲೇ ಟೆಂಟ್ ಎಂದು ಹಟ ಹಿಡಿದವರು ಹಿಡಿಯಲಿ. ಹಾಗಾದರೆ ಯುವಜನರ ಕಡೆಯಿಂದ ಬಸ್ಸಿಗೂ, ಅಡುಗೆಗೂ, ಮಕ್ಕಳ ಆಟಕ್ಕೂ ಒಬ್ಬರೂ ಬರುವುದಿಲ್ಲ. ಇದನ್ನು ಬೆದರಿಕೆ ಎಂದು ತಿಳಿದರೆ ನಮಗೆ ಬೇಸರವಿಲ್ಲ.

ಬರುವ ಭಾನುವಾರ ಎರಡನೇ ಬಲಿಪೂಜೆ ಮುಗಿದ ಮೇಲೆ ಚರ್ಚಿನ ಹಿಂದಿನ ಹಾಲ್‌ನಲ್ಲಿ ಸಭೆ ಇದೆ. ದೋಣಿಗೆ ಇನ್ನೂ ಮುಂಗಡ ಕೊಟ್ಟಿಲ್ಲ ಎಂದು ಕೇಳಿದೆವು. ಕೊಡುವ ಮೊದಲು ಬನ್ನಿ. ಅಮ್ಮಂದಿರು, ಅಜ್ಜಿಯರು ಖಂಡಿತ ಬನ್ನಿ, ಈ ಸಲ ಮುಂದಿನ ಸಾಲಿನಲ್ಲಿ ಕೂರಿ.